ಬೆತ್ತದ ಬಳೆಯ ವಿಚಾರಣೆ

ಒಂದು ಊರಿನ ಬಾಳಿನಲ್ಲಿ ಕೆಲವು ಪ್ರಶ್ನೆಗಳು ತಲೆಮಾರಿಗೊಮ್ಮೆ ಮಾತ್ರ ಏಳುತ್ತವೆ. ಎದ್ದಾಗ ಮಿಕ್ಕ ಕೆಲಸಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗುತ್ತದೆ. ಈ ತಲೆಮಾರಿನ ಪಾಲಿಗೆ ಬಂದದ್ದು, ಹಳೆಯ ರೈಲು ನಿಲ್ದಾಣದ ಗೋಡೆಗೆ ಒಂದು ಮೊಳೆಯನ್ನು ಎಷ್ಟು ಎತ್ತರದಲ್ಲಿ ಹೊಡೆಯಬೇಕು ಎಂಬ ಪ್ರಶ್ನೆ.

ಮೊಳೆಗೆ ತೂಗುಹಾಕಬೇಕಾಗಿದ್ದದ್ದು ಒಂದು ಬೆತ್ತದ ಬಳೆ. ದೊಡ್ಡ ಆಳೊಬ್ಬ ಹೆಗಲವರೆಗೆ ತೋಳು ತೂರಿಸಬಹುದಾದಷ್ಟು ಅಗಲ. ಹಿಡಿಯ ಹತ್ತಿರ ಚರ್ಮದ ಚೀಲ. ಚೀಲದೊಳಗೆ ಕಬ್ಬಿಣದ ಚೆಂಡು. ನಿಲ್ದಾಣವನ್ನು ವಸ್ತುಸಂಗ್ರಹಾಲಯ ಮಾಡುವುದೆಂದು ತೀರ್ಮಾನವಾಗಿ, ಅದಕ್ಕೊಂದು ಸಮಿತಿ ಹುಟ್ಟಿ, ಸಮಿತಿಗೆ ಕಾರ್ಯದರ್ಶಿಯಾಗಿ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ಸಿಕ್ಕಿದ್ದರು. ಬಳೆ ಕಣ್ಣಿನ ಮಟ್ಟಕ್ಕಿರಲಿ ಎಂದರು ಮೇಷ್ಟ್ರು. ಯಾರ ಕಣ್ಣಿನ ಮಟ್ಟಕ್ಕೆ ಎಂದು ಕೇಳಿದರು ಖಜಾಂಚಿ, ಅವರು ಕುಳ್ಳಗಿದ್ದರು. ಮಕ್ಕಳ ಕೈಗೆ ಸಿಗದಂತಿರಲಿ ಎಂದು ಒಬ್ಬರು, ಮಕ್ಕಳ ಕೈಗೆ ಸಿಗದ ಇತಿಹಾಸ ಯಾವ ಪುರುಷಾರ್ಥಕ್ಕೆ ಎಂದು ಇನ್ನೊಬ್ಬರು. ಸಭೆಯ ಮೇಲೆ ಸಭೆ ನಡೆದು, ಬಿಸ್ಕತ್ತಿನ ಖರ್ಚು ಮೊಳೆಯ ಬೆಲೆಯನ್ನು ಎಷ್ಟೋ ಪಾಲು ಮೀರಿದ ಮೇಲೆ, ಬಳೆ ಹಿಡಿದು ಗೊತ್ತಿದ್ದವನನ್ನೇ ಕೇಳಿಬಿಡೋಣವೆಂದು ನೇರಪ್ಪನನ್ನು ಕರೆಸಿದರು.

ನೇರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಆ ನಿಲ್ದಾಣದಲ್ಲಿ ಹಳಿ ಬದಲಿಸುವ, ಗಾಡಿಗೆ ಬಳೆ ಕೊಡುವ ಪಾಯಿಂಟ್ಸ್‌ಮನ್ ಆಗಿದ್ದ ಕಾಲದಲ್ಲಿ, ಒಂದು ವಿಚಾರಣೆ ಮುಗಿದ ಮಾರನೆಯ ದಿನ, ಊರು ಇಟ್ಟದ್ದು. ಇಟ್ಟಾಗ ಅದರಲ್ಲಿ ಹೊಗಳಿಕೆಯ ಸುಳಿವೂ ಇರಲಿಲ್ಲ. ವರ್ಷಗಳು ಕಳೆದು ಹೆಸರಿನ ಮುಳ್ಳು ಮೊಂಡಾಗಿ, ಈಗ ಅವನ ಹೆಂಡತಿಯ ಔಷಧದ ಚೀಟಿಯ ಮೇಲೆ ಡಾಕ್ಟರೂ ‘ನೇರಪ್ಪನವರ ಮನೆಯವರು’ ಎಂದೇ ಬರೆಯುತ್ತಿದ್ದರು.

ನೇರಪ್ಪ ಬಳೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟ.

"ಎಲ್ಲಾದ್ರೂ ಹೊಡೀರಿ ಸ್ವಾಮಿ. ಕೈಯಿಂದ ಕೈಗೆ ಹೋದ್ರೆ ಇದು ಬಳೆ. ಗೋಡೆ ಮೇಲೆ ನೇತಾಡಿದ್ರೆ ಬರೀ ಬೆತ್ತ."

ಮೇಷ್ಟ್ರಿಗೆ ಈ ಮಾತು ಬಹಳ ಹಿಡಿಸಿತು. "ಹಾಗಾದರೆ ಉದ್ಘಾಟನೆ ದಿನ ಕೈಯಿಂದ ಕೈಗೇ ಹೋಗಲಿ. ಹಳೇ ಹಳಿಯ ತುಂಡು ಇನ್ನೂ ಇದೆ, ಒಂದು ಶಂಟಿಂಗ್ ಎಂಜಿನ್ ಕಳಿಸ್ತೀವಿ ಅಂದಿದ್ದಾರೆ. ನೀವು ಪ್ಲಾಟ್‌ಫಾರಂ ಮೇಲೆ ನಿಂತು ಕೊಡಿ. ನಿಮ್ಮ ಭಾಮೈದ ಎಂಜಿನ್ ಮೇಲಿಂದ ತಗೊಳ್ಳಲಿ. ಕೊನೇವರೆಗೂ ಇಲ್ಲಿ ಬಳೆ ಬದಲಾಯಿಸಿದವರು ನೀವಿಬ್ಬರೇ ಅಂತೆ."

ಕೋಣೆಯಲ್ಲಿ ಬಿಸ್ಕತ್ತು ಅಗಿಯುವ ಸದ್ದೂ ನಿಂತಿತು. ಖಜಾಂಚಿ ಮೇಜಿನ ಕೆಳಗೆ ಕಾಲು ಚಾಚಿ ಮೇಷ್ಟ್ರನ್ನು ಒದೆಯಲು ನೋಡಿ, ಮೇಜಿನ ಕಾಲನ್ನೇ ಒದ್ದುಕೊಂಡರು. ಮೇಷ್ಟ್ರು ಹೊರಗಿನಿಂದ ಬಂದು ನೆಲೆಸಿದವರು. ಊರಿನ ಇತಿಹಾಸವೆಲ್ಲ ಅವರಿಗೆ ಬಾಯಿಪಾಠ, ಆದರೆ ಊರಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಗೊತ್ತಿರಲಿಲ್ಲ. ನೇರಪ್ಪನಿಗೂ ಅವನ ಹೆಂಡತಿಯ ತಮ್ಮನಿಗೂ ಮಾತು ನಿಂತು ಒಂದು ತಲೆಮಾರೇ ಆಗಿತ್ತು.

ನೇರಪ್ಪ ಎದ್ದು ಹೋಗುತ್ತಾನೆಂದು ಎಲ್ಲರೂ ಕಾದರು. ಅವನು ಬಳೆಯನ್ನು ಮತ್ತೆ ಕೈಗೆ ತೆಗೆದುಕೊಂಡ.

"ಅವನನ್ನ ನೀವೇ ಕೇಳಿ," ಎಂದ. "ಅವನು ಬರ್ತೀನಿ ಅಂದ್ರೆ ನಾನೂ ಬರ್ತೀನಿ."

ಇಷ್ಟು ಸಲೀಸಾಗಿ ಅವನು ಒಪ್ಪಿದ್ದಕ್ಕೆ ಕಾರಣ ಸಮಿತಿಗೆ ತಿಳಿದಿರಲಿಲ್ಲ. ಕಾರಣ ಅವನ ಮನೆಯ ಒಳಕೋಣೆಯಲ್ಲಿ, ಬೆನ್ನಿಗೆ ದಿಂಬುಗಳ ರಾಶಿ ಒರಗಿಸಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆಂದು ಕುಳಿತೇ ಇತ್ತು.

ಅವನ ಹೆಂಡತಿಯ ಹೃದಯ ದಣಿದಿತ್ತು. ಡಾಕ್ಟರು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಉಪ್ಪು ಕಡಿಮೆ, ನೀರು ಕಡಿಮೆ, ಮಾತು ಕಡಿಮೆ ಎಂದು ಹೇಳಿ, ಮುಂದಿನ ಸಲ ಯಾವಾಗ ಬರಬೇಕೆಂದು ಕೇಳಿದ್ದಕ್ಕೆ "ನೋಡೋಣ" ಎಂದಿದ್ದರು. ಮನೆಗೆ ಬಂದ ಸಂಜೆ ಆಕೆ ಗಂಡನನ್ನು ಮಂಚದ ಅಂಚಿಗೆ ಕರೆದಳು.

"ರೀ, ನನಗೆ ಇನ್ನೇನೂ ಬೇಡ. ನನ್ನ ತಮ್ಮ ಈ ಮನೇಲಿ ಕೂತು ಒಂದು ಹೊತ್ತು ಊಟ ಮಾಡ್ಬೇಕು. ಅದನ್ನ ನಾನು ನೋಡ್ಬೇಕು."

"ಹೇಳಿ ಕಳಿಸು. ಬರ್ತಾನೆ."

"ನಾನು ಕರೆದು ಬರೋ ಹಾಗಿದ್ರೆ ಇಷ್ಟು ವರ್ಷ ಯಾಕೆ ಬೇಕಿತ್ತು? ನೀವು ಕರೀಬೇಕು. ನೀವೇ, ಬಾಯಿಬಿಟ್ಟು."

"ನೋಡೋಣ."

"ಡಾಕ್ಟ್ರೂ ನೋಡೋಣ ಅಂತಾರೆ, ನೀವೂ ನೋಡೋಣ ಅಂತೀರಿ. ನೋಡೋದಕ್ಕೆ ನನಗೆ ಪುರುಸೊತ್ತು ಇರಬೇಕಲ್ಲ," ಎಂದು ಆಕೆ ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಮಾತು ಕಡಿಮೆ ಎಂಬ ಔಷಧವನ್ನು ಆ ಹೊತ್ತಿಗೆ ನೆನಪಿಸಿಕೊಂಡಳು.

ಮಾತು ನಿಂತದ್ದು ಹೇಗೆ ಎಂಬುದು ಆ ನಿಲ್ದಾಣದ ಕಥೆಯೊಳಗೇ ಬರುತ್ತದೆ. ಬಿಡಿಸಿ ಹೇಳಲು ಬರುವುದಿಲ್ಲ. ಮೊದಲು ರೈಲು ಬಂದಾಗ ಊರಿನ ಹಿರಿಯರು ಹೊಗೆಗೂ ಸದ್ದಿಗೂ ಹೆದರಿ, ನಿಲ್ದಾಣ ಊರಾಚೆ ಬಯಲಲ್ಲಿರಲಿ ಎಂದು ಅರ್ಜಿ ಕೊಟ್ಟರು. ಬಯಲಲ್ಲೇ ಕಟ್ಟಿದರು. ಆಮೇಲೆ ಅರ್ಜಿ ಕೊಟ್ಟವರ ಮಕ್ಕಳೇ ಒಬ್ಬೊಬ್ಬರಾಗಿ ಹೋಗಿ ನಿಲ್ದಾಣದ ಬಾಗಿಲಲ್ಲಿ ಅಂಗಡಿ ಹಾಕಿದರು, ಮನೆ ಕಟ್ಟಿದರು. ಊರು ಹಳೆಯ ಜಾಗ ಬಿಟ್ಟು ರೈಲಿನ ಕಾಲಬುಡಕ್ಕೆ ಬಂದು ಕೂತಿತು. ಉಗಿ ಎಂಜಿನ್ನಿನ ಕಾಲದಲ್ಲಿ ಆ ಬೀದಿಗಳಲ್ಲಿ ಒಣಹಾಕಿದ ಬಟ್ಟೆ ಬೆಳ್ಳಗೆ ಒಣಗಿದ್ದೇ ಇಲ್ಲ. ಡೀಸೆಲ್ ಬಂದಾಗ ಕಲ್ಲಿದ್ದಲಿನ ಕೊಟ್ಟಿಗೆ ಸೈಕಲ್ ನಿಲ್ಲಿಸುವ ಜಾಗವಾಯಿತು. ಚಿಕ್ಕ ಹಳಿ ಕಿತ್ತು ಅಗಲ ಹಳಿ ಹಾಕುವಾಗ ವರ್ಷಗಟ್ಟಲೆ ಗಾಡಿಯೇ ಇಲ್ಲದೆ, ಪ್ಲಾಟ್‌ಫಾರಂ ಮೇಲೆ ಆಡುಗಳೂ ಇಸ್ಪೀಟು ಆಡುವವರೂ ಹೊತ್ತು ಹಂಚಿಕೊಂಡು ಇದ್ದರು. ಆಮೇಲೆ ಜೋಡಿ ಹಳಿ, ತಲೆಯ ಮೇಲೆ ವಿದ್ಯುತ್ ತಂತಿ. ಕಡೆಗೆ ದೊಡ್ಡ ಗಾಡಿಗಳಿಗೆ ಈ ಪ್ಲಾಟ್‌ಫಾರಂ ಗಿಡ್ಡವಾಗಿ, ಹೆದ್ದಾರಿಯ ಪಕ್ಕ, ಮತ್ತೆ ಊರಾಚೆ ಬಯಲಲ್ಲೇ, ಗಾಜಿನ ಗೋಡೆಯ ಹೊಸ ನಿಲ್ದಾಣ ಎದ್ದಿತು. ಊರು ಈಗ ಮೆಲ್ಲಗೆ ಆ ಕಡೆ ಜರುಗುತ್ತಿದೆ. ಗಾಡಿ ಬರುತ್ತಿದ್ದಷ್ಟು ದಿನ ಮಳೆಗೆ ಸೋರುತ್ತದೆಂದು ಬೈಸಿಕೊಂಡ ಕಟ್ಟಡ, ಗಾಡಿ ಬಾರದೆ ಹೋದ ಮೇಲೆ ಪಾರಂಪರಿಕ ಕಟ್ಟಡವಾಯಿತು.

ಬಳೆಯದು ಒಂಟಿ ಹಳಿಯ ಕಾಲದ ಕೆಲಸ. ಎರಡು ನಿಲ್ದಾಣಗಳ ನಡುವೆ ಒಂದೇ ಹಳಿ. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಗಾಡಿ ಬಂದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಅದಕ್ಕೇ ಕಬ್ಬಿಣದ ಚೆಂಡು. ಎರಡೂ ನಿಲ್ದಾಣಗಳನ್ನು ತಂತಿಯಲ್ಲಿ ಬೆಸೆದ ಯಂತ್ರದಿಂದ ಒಂದು ಚೆಂಡು ಹೊರಬಂದರೆ, ಅದು ಮುಂದಿನ ನಿಲ್ದಾಣ ಮುಟ್ಟುವವರೆಗೆ ಇನ್ನೊಂದು ಹೊರಬರುವುದಿಲ್ಲ. ಚೆಂಡು ಕೈಯಲ್ಲಿಲ್ಲದೆ ಯಾವ ಡ್ರೈವರೂ ಗಾಡಿ ಮುಂದಕ್ಕೆ ಬಿಡುವಂತಿಲ್ಲ. ನಿಲ್ಲದ ಗಾಡಿಗೆ ಅದನ್ನು ಓಡುತ್ತಿರುವಾಗಲೇ ಕೊಡಬೇಕು. ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ಅಂಚಿನಲ್ಲಿ ಬಳೆ ಎತ್ತಿ ಹಿಡಿದು ಕಂಬದ ಹಾಗೆ ನಿಲ್ಲಬೇಕು. ಡ್ರೈವರು ಎಂಜಿನ್ನಿನಿಂದ ತೋಳು ಹೊರಚಾಚಿ, ಮೊಣಕೈಯಲ್ಲಿ ಬಳೆಯನ್ನು ಸಿಕ್ಕಿಸಿಕೊಂಡು ಹೋಗಬೇಕು. ಹೊಡೆತ ತಿಂದು ತಿಂದು ಡ್ರೈವರುಗಳ ತೋಳು ಕಪ್ಪಿಟ್ಟಿರುತ್ತಿತ್ತು. ಕೈ ನಡುಗುವವನಿಗೆ ಆ ಕೆಲಸ ಕೊಡುತ್ತಿರಲಿಲ್ಲ. ನೇರಪ್ಪ ನಿಂತರೆ ಅವನ ಕೈಯ ಮೇಲೆ ತುಂಬಿದ ಲೋಟ ಇಡಬಹುದು ಎಂದು ಸ್ಟೇಷನ್ ಮಾಸ್ತರು ಹೇಳುತ್ತಿದ್ದರು. ಅವನಿಗೆ ಈ ಲೋಕದಲ್ಲಿ ಇದ್ದ ಹೆಮ್ಮೆ ಅದೊಂದೇ.

ಬಳೆಗೆ ಚೆಂಡಿನ ಹೊರತು ಇನ್ನೇನನ್ನೂ ಕಟ್ಟಬಾರದು ಎಂಬುದು ನಿಯಮ. ಏನಾದರೂ ಕಟ್ಟಿ ಕಳಿಸುವುದು ಆ ನಿಲ್ದಾಣದ ಪದ್ಧತಿ. ಮನೆಯವರು ಡ್ಯೂಟಿಯಲ್ಲಿದ್ದ ಗಂಡನಿಗೆ, ತಮ್ಮನಿಗೆ, ಮಗನಿಗೆ ಬುತ್ತಿ ಕಟ್ಟಿದರು, ಮರೆತುಹೋದ ಕನ್ನಡಕ ಕಟ್ಟಿದರು, ಒಮ್ಮೆ ರಿಪೇರಿಯಾಗಿ ಬಂದ ಒಂಟಿ ಚಪ್ಪಲಿಯೂ ಹೋಯಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೇರಪ್ಪನ ಹೆಂಡತಿ, ಜ್ವರದಲ್ಲೇ ಗಾಡಿ ನಡೆಸಲು ಹೋದ ತಮ್ಮನಿಗೆಂದು, ಬಿಸಿ ಹಾಲಿನ ಸೀಸೆಯನ್ನು ಟವೆಲ್ಲಿನಲ್ಲಿ ಸುತ್ತಿ ಬಳೆಗೆ ಕಟ್ಟಿದಳು. ಭಾರವಾಯಿತು ಎಂದ ನೇರಪ್ಪ. ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದಳು ಆಕೆ. ಗಾಡಿ ಬಂತು, ತೋಳು ಸಿಕ್ಕಿತು, ಸೀಸೆ ತೂಗಿ ಬಳೆ ತಿರುಚಿಕೊಂಡು ಬಿತ್ತು. ಚೀಲ ಬಿಚ್ಚಿ ಚೆಂಡು ಉರುಳಿ ಮೋರಿಗೆ ಹೋಯಿತು. ಚೆಂಡಿಲ್ಲದೆ ಗಾಡಿ ನಿಂತಿತು. ಅದು ನಿಂತದ್ದಕ್ಕೆ ಎದುರಿಂದ ಬರಬೇಕಾಗಿದ್ದ ಮೇಲ್ ಗಾಡಿ ಅತ್ತ ನಿಂತಿತು. ಮೇಲ್ ಗಾಡಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಕೂತಿದ್ದರು. ಊರಿನ ಅರ್ಧ ಜನ ಮೋರಿಯಲ್ಲಿ ಕೈಯಾಡಿಸಿ ಚೆಂಡು ಹುಡುಕಿದ್ದನ್ನು ಅವರು ಆಮೇಲೆ ವಿವರವಾಗಿ ಕೇಳಿದರು.

ವಿಚಾರಣೆ ನಡೆಯಿತು. ಮೊದಲ ದಿನ ಭಾಮೈದನನ್ನು ಕರೆದರು. ಅಕ್ಕನ ಗಂಡನ ಕೆಲಸಕ್ಕೆ ಸಂಚಕಾರ ಬರಬಾರದೆಂದು ಅವನು, "ಬಳೆಗೆ ಏನೂ ಕಟ್ಟಿರಲಿಲ್ಲ ಸಾರ್, ನನ್ನ ಕೈ ತಪ್ಪಿತು," ಎಂದ. ಅಷ್ಟಕ್ಕೇ ನಿಂತಿದ್ದರೆ ಕೈ ತಪ್ಪಿದ್ದಕ್ಕೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರು. ಮಾರನೆಯ ದಿನ ನೇರಪ್ಪನನ್ನು ಕರೆದರು. ಭಾಮೈದನ ಮೇಲೆ ತಪ್ಪು ಬೀಳಬಾರದೆಂದು ಅವನು, "ಹಾಲಿನ ಸೀಸೆ ಕಟ್ಟಿತ್ತು ಸಾರ್, ನಮ್ಮ ಮನೆಯವಳೇ ಕಟ್ಟಿದ್ದು, ನಾನೇ ಬಿಟ್ಟಿದ್ದು. ಡ್ರೈವರದ್ದು ಏನೂ ತಪ್ಪಿಲ್ಲ," ಎಂದ. ಒಬ್ಬರನ್ನೊಬ್ಬರು ಉಳಿಸಲು ಹೋದವರು ಹಿಂದಿನ ರಾತ್ರಿ ಒಂದು ಮಾತು ಆಡಿಕೊಂಡಿದ್ದರೆ ಆಗಿತ್ತು. ಸಾಕ್ಷಿಗಳು ಒಬ್ಬರೊಡನೊಬ್ಬರು ಮಾತಾಡಬಾರದೆಂಬ ನಿಯಮ ಓದಿ ಹೇಳಿದ್ದರು, ನೇರಪ್ಪ ಪಾಲಿಸಿದ್ದ. ಬಾಗಿಲು ತಟ್ಟಿದ ಭಾಮೈದನಿಗೆ ಬಾಗಿಲು ತೆಗೆಯಲಿಲ್ಲ.

ನೇರಪ್ಪನಿಗೆ ಒಂದು ವರ್ಷದ ಸಂಬಳದ ಬಡ್ತಿ ಹೋಯಿತು. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಭಾಮೈದನಿಗೆ ಮೇಲ್ ಗಾಡಿ ಓಡಿಸುವ ಅವಕಾಶ ಹೋಯಿತು. ಯಾರ್ಡಿನಲ್ಲಿ ಖಾಲಿ ಡಬ್ಬಿಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವ ಕೆಲಸಕ್ಕೆ ಹಾಕಿದರು.

"ಒಂದು ಸುಳ್ಳು ಹೇಳೋಕೂ ಬರಲ್ಲವಾ ಭಾವ ನಿಮಗೆ?" ಎಂದ ಭಾಮೈದ, ಪ್ಲಾಟ್‌ಫಾರಂ ಮೇಲೆ, ಎಲ್ಲರ ಮುಂದೆ.

"ಸುಳ್ಳು ಹೇಳು ಅಂತ ನಿನಗೆ ಯಾರು ಹೇಳಿದ್ರು?" ಎಂದ ನೇರಪ್ಪ.

ಬಾಗಿಲು ತೆಗೆಯದ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಭಾಮೈದ ಹೇಳಿದ್ದು ಅದೇ ಮಾತಿನ ಬಾಲ. ಊರು ತೀರ್ಪು ಕೊಟ್ಟಿತು: ಕೈ ತಪ್ಪಿದವನು ಡ್ರೈವರು, ಬಾಯಿ ತಪ್ಪಿದವನು ನೇರಪ್ಪ. ಆಮೇಲೆ ಭಾಮೈದ ಯಾರ್ಡಿನಿಂದ ಇಲ್ಲಿ ನಿಲ್ಲದ ಗೂಡ್ಸ್ ಗಾಡಿಗೆ ಬಂದ. ಒಂಟಿ ಹಳಿ ಇದ್ದಷ್ಟು ವರ್ಷವೂ ಒಬ್ಬ ಬಳೆ ಎತ್ತಿ ಹಿಡಿದ, ಒಬ್ಬ ತೋಳಲ್ಲಿ ತೆಗೆದುಕೊಂಡು ಹೋದ. ಮಾತಿಲ್ಲ, ನೋಟವಿಲ್ಲ, ಒಮ್ಮೆಯೂ ತಪ್ಪಲಿಲ್ಲ. ಜೋಡಿ ಹಳಿ ಬಂದ ದಿನ ಊರೆಲ್ಲ ಸಂಭ್ರಮಪಟ್ಟಿತು. ನೇರಪ್ಪನಿಗೆ ಮಾತ್ರ, ಭಾಮೈದನ ತೋಳು ಹತ್ತಿರದಿಂದ ಕಾಣುವ ಒಂದೇ ಸಂದರ್ಭವೂ ಹೋಯಿತಲ್ಲ ಎನಿಸಿತು. ಹಾಗೆ ಯಾರ ಹತ್ತಿರವೂ ಹೇಳಲಿಲ್ಲ. ಯಾರೂ ಕೇಳಲಿಲ್ಲವಾದ್ದರಿಂದ ಅದು ಸುಳ್ಳೂ ಆಗಲಿಲ್ಲ.

ಮೇಷ್ಟ್ರು ಹೋಗಿ ಕೇಳಿದಾಗ ಭಾಮೈದ, "ಅವರು ಒಪ್ಪಿದ್ರಾ?" ಎಂದನಂತೆ. ಒಪ್ಪಿದರು ಎಂದದ್ದಕ್ಕೆ, "ಹಾಗಾದ್ರೆ ನಾನು ಹಿಂದೆ ಸರೀತೀನಾ?" ಎಂದನಂತೆ.

ಉದ್ಘಾಟನೆಗೆ ಮುಂಚಿನ ದಿನ ಬೆಳಿಗ್ಗೆ ತಾಲೀಮು. ನೇರಪ್ಪ ಹೆಂಡತಿಗೆ ಮಾತ್ರೆ ಕೊಟ್ಟು, ಮಧ್ಯಾಹ್ನದ ಅಡಿಗೆಗೆ ಬೇಕಾದ್ದನ್ನೆಲ್ಲ ಹೆಚ್ಚಿಟ್ಟು ಹೊರಟ.

"ಮೂರು ಜನಕ್ಕೆ ಹೆಚ್ಚಿದೀರಿ," ಎಂದಳು ಆಕೆ, ಬಾಗಿಲಿಂದ ಕಾಣುತ್ತಿದ್ದ ಅಡಿಗೆಮನೆಯ ಕಟ್ಟೆಯ ಕಡೆ ನೋಡಿ.

"ಕೈ ತಪ್ಪಿ ಜಾಸ್ತಿ ಆಯ್ತು."

"ನಿಮ್ಮ ಕೈ ತಪ್ಪಲ್ಲ," ಎಂದಳು ಆಕೆ.

ಪ್ಲಾಟ್‌ಫಾರಂಗೆ ಹೊಸ ಬಣ್ಣ ಬಳಿದಿದ್ದರು. ಸಮಿತಿಯವರು ಕುರ್ಚಿಗಳನ್ನು ಹೇಗೆ ಜೋಡಿಸುವುದೆಂದು ಚರ್ಚಿಸುತ್ತಿದ್ದರು. ಬೆಂಚಿನ ಮೇಲೆ ನಿವೃತ್ತರಾದ ನಾಲ್ಕಾರು ಜನ, ಅವರ ನಡುವೆ ನಾಲಿಗೆಗೆ ಇನ್ನೂ ನಿವೃತ್ತಿ ಕೊಡದ ಹಳೆಯ ಗಾರ್ಡ್. ದೂರದಲ್ಲಿ ಶಂಟಿಂಗ್ ಎಂಜಿನ್ ಗುರುಗುಟ್ಟುತ್ತಿತ್ತು. ಅದನ್ನು ನಡೆಸುವವನು ಬೇರೆ ಒಬ್ಬ ಡ್ರೈವರು. ಭಾಮೈದ ಬಾಗಿಲಲ್ಲಿ ನಿಲ್ಲಬೇಕು, ತೋಳು ಚಾಚಬೇಕು, ಅಷ್ಟೇ. ಅವನು ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರ ಹಾಕಿಕೊಂಡು ಬಂದಿದ್ದ. ಹೊಟ್ಟೆಯ ಹತ್ತಿರ ಎರಡು ಗುಂಡಿಗಳು ಕಾಜಕ್ಕೆ ಸೇರಲು ಒಪ್ಪಿರಲಿಲ್ಲ.

ಮೇಷ್ಟ್ರು ಕೈ ಹೊಸೆಯುತ್ತ ಬಂದರು. "ಒಂದು ಯೋಚನೆ ಬಂತು. ಆಗ ಬಳೆಗೆ ಬುತ್ತಿ ಗಿತ್ತಿ ಕಟ್ಟಿ ಕಳಿಸ್ತಿದ್ರಂತಲ್ಲ. ನಾಳೆ ಒಂದು ಸಣ್ಣ ಗಂಟು ಕಟ್ಟಿದ್ರೆ ಹೇಗೆ? ಜನರ ಹೃದಯಕ್ಕೆ ಮುಟ್ಟುತ್ತೆ."

"ಬೇಡ," ಎಂದ ನೇರಪ್ಪ.

"ಬೇಡ," ಎಂದ ಭಾಮೈದ, ಅದೇ ಉಸಿರಿನಲ್ಲಿ, ಬೇರೆ ಕಡೆ ನೋಡುತ್ತ.

ಮೇಷ್ಟ್ರು ಇಬ್ಬರ ಮುಖವನ್ನೂ ನೋಡಿ ಗಂಟಿನ ಆಸೆ ಬಿಟ್ಟರು.

ಎಂಜಿನ್ ಹಿಂದಕ್ಕೆ ಹೋಗಿ, ಆಮೆಯ ನಡಿಗೆಯಲ್ಲಿ ಬಂತು. ನೇರಪ್ಪ ಅಂಚಿನಲ್ಲಿ ನಿಂತು ಬಳೆ ಎತ್ತಿದ. ಇಷ್ಟು ವರ್ಷದ ಮೇಲೂ ಕೈ ಕಂಬವೇ. ಭಾಮೈದ ಬಾಗಿಲ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ತೋಳನ್ನು ಹೊರಚಾಚಿದ. ತೋಳು ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಬಳೆ ಅವನ ಹೆಗಲ ಪಕ್ಕದಲ್ಲಿ ಹಾದುಹೋಯಿತು.

"ಮೊದಲನೇ ಸಲ ಅಲ್ಲವೇ, ಪರವಾಗಿಲ್ಲ," ಎಂದರು ಮೇಷ್ಟ್ರು. "ಇನ್ನೊಂದು ಸಲ."

ನೇರಪ್ಪ ನೋಡಿಯಾಗಿತ್ತು. ತೋಳು ಏಳುವಾಗ ಭಾಮೈದ ಹಲ್ಲು ಕಚ್ಚಿಕೊಂಡದ್ದು, ಹೆಗಲು ಕೀಲಿ ಹಾಕಿದ ಹಾಗೆ ತಡೆದದ್ದು. ಎಷ್ಟು ಚಳಿಗಾಲ, ಎಷ್ಟು ಹೊಡೆತ ತಿಂದ ಹೆಗಲು ಅದು. ಆ ತೋಳು ಇನ್ನು ಮೇಲೇಳುವುದಿಲ್ಲ, ನಾಳೆಯೂ ಏಳುವುದಿಲ್ಲ. ಯಾರಿಗೂ ಹೇಳದೆ, ಭಾವ ಒಪ್ಪಿದಾನೆಂದು ಹಟಕ್ಕೆ ಬಂದು ನಿಂತಿದಾನೆ.

ಎರಡನೆಯ ಸಲ ಎಂಜಿನ್ ಬಂದಾಗ ನೇರಪ್ಪ ಬಳೆಯನ್ನು ಒಂದು ಗೇಣು ಕೆಳಗೆ ಹಿಡಿದ. ಬಳೆ ಭಾಮೈದನ ಬೆರಳಿಗೆ ತಾಗಿ, ಜಾರಿ, ಹೊಸ ಬಣ್ಣದ ಮೇಲೆ ಬಿದ್ದು ಉರುಳಿತು.

"ಸರಿಯಾಗಿ ಹಿಡೀರಿ ಭಾವ," ಎಂದು ಎಂಜಿನ್ನಿನ ಮೇಲಿಂದ ದನಿ ಬಂತು. "ಕೆಳಗೆ ಹಿಡಿಯೋಕೆ ನಾನೇನು ಮಗುನಾ?"

ಅಷ್ಟು ವರ್ಷಗಳ ಮೇಲೆ ಬಂದ ಮೊದಲ ಮಾತು ಅದು. ನೇರಪ್ಪ ಬಳೆಯನ್ನು ಹೆಕ್ಕಿಕೊಂಡ. ಬೆಂಚಿನ ಕಡೆಯಿಂದ ಹಳೆಯ ಗಾರ್ಡ್ ಪಕ್ಕದವನಿಗೆ ಹೇಳಿದ್ದು ಕೇಳಿಸಿತು: "ಅವತ್ತೂ ಹೀಗೇ ಬೀಳಿಸಿದ್ದು. ಕೈ ತಪ್ಪಿತು ಅಂತ ತಾನೇ ಹೇಳಿರಲಿಲ್ಲವೇ? ಕೆಲವರ ಕೈಗೆ ಅಂಟೇ ಇರಲ್ಲ."

ಪಕ್ಕದವನು ನಕ್ಕ. ನಾಳೆ ಇಲ್ಲಿ ಊರೇ ಇರುತ್ತದೆ, ಊರಿನ ಮುಂದೆ ಬಳೆ ಬೀಳುತ್ತದೆ, ಊರೇ ನಗುತ್ತದೆ. ಅದಾದ ಮೇಲೆ ಕರೆಯಲು ಭಾಮೈದ ಉಳಿದಿರುವುದಿಲ್ಲ. ನೇರಪ್ಪನಿಗೆ ಇಷ್ಟು ಲೆಕ್ಕ ಸ್ಪಷ್ಟವಾಗಿ ಕಂಡಿತು. ಅವನು ಮೇಷ್ಟ್ರ ಹತ್ತಿರ ಹೋದ.

"ಪ್ರದರ್ಶನ ಬೇಡ ಸ್ವಾಮಿ. ನನ್ನಿಂದ ಆಗಲ್ಲ. ನನ್ನ ಕೈ ನಡುಗುತ್ತೆ."

ಮೇಷ್ಟ್ರು ಕೈ ನೋಡಿದರು. ಬಳೆ ಹಿಡಿದ ಕೈ ಗೋಡೆಗೆ ಹೊಡೆದ ಗೂಟದ ಹಾಗಿತ್ತು.

"ನಡುಗ್ತಾ ಇಲ್ಲವಲ್ಲ?"

ನೇರಪ್ಪನಿಗೆ ಅಭ್ಯಾಸ ಸಾಲದು. ಒಂದು ಸುಳ್ಳಿಗೆ ಬೆನ್ನಿಗೆ ಇನ್ನೊಂದು ಬೇಕಾಗುತ್ತದೆಂದು ಅವನು ಅಂದಾಜು ಮಾಡಿರಲಿಲ್ಲ.

"ಒಳಗೆ ನಡುಗುತ್ತೆ," ಎಂದ.

ಬೆಂಚಿನ ಮೇಲೆ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡರು. ನೇರಪ್ಪ ಹೇಳಿದ್ದೆಂದರೆ ನಿಜವಿರಬೇಕು. ಕಣ್ಣಿಗೆ ಕಾಣುವುದೆಂದರೆ ಅದೂ ನಿಜವಿರಬೇಕು. ಮೇಷ್ಟ್ರು ದಾರಿ ಕಾಣದೆ ಎಂಜಿನ್ನಿನ ಕಡೆ ತಿರುಗಿದರು. "ನೀವೇ ಹೇಳಿ. ತಪ್ಪಿದ್ದು ಕೊಡೋದರಲ್ಲಾ, ತಗೊಳ್ಳೋದರಲ್ಲಾ?"

ಭಾಮೈದ ಬಾಗಿಲಲ್ಲಿ ನಿಂತಿದ್ದ. ಬೆಂಚಿನವರನ್ನು ನೋಡಿದ. ನೇರಪ್ಪನನ್ನು ನೋಡಿದ, ಬಹಳ ಹೊತ್ತು ನೋಡಿದ. ಇಲ್ಲ, ನನ್ನ ಹೆಗಲೇ ಏಳುವುದಿಲ್ಲ ಎಂದು, ಅಂದು ಭಾವ ಮಾಡಿದ ಹಾಗೆ, ಈಗ ನಿಜ ಹೇಳಿ ಹಳೆಯ ಬಾಕಿ ತೀರಿಸಿಬಿಡಬಹುದು ಅವನು. ನೇರಪ್ಪ ಅದನ್ನೇ ಕಾಯುತ್ತ ನಿಂತ.

"ಭಾವನವರು ಹೇಳೋದು ಸರಿ," ಎಂದ ಭಾಮೈದ. "ಕೊಡೋದರಲ್ಲೇ ತಪ್ಪಿದ್ದು. ಅವರ ಕೈ ಮೊದಲಿಂದಲೂ ಸ್ವಲ್ಪ ನಡುಕಾನೇ."

ಮೊದಲಿಂದಲೂ ಎಂಬ ಮಾತು ನೇರಪ್ಪನ ಎದೆಗೆ ನೆಟ್ಟಗೆ ಬಂದು ತಾಗಿತು. ಅವನು ಬಳೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಹೌದು," ಎಂದ. "ಮೊದಲಿಂದಲೂ."

"ಹಾಗಾದ್ರೆ ಅವತ್ತು ಬಿದ್ದದ್ದೂ..." ಎಂದು ಹಳೆಯ ಗಾರ್ಡ್ ರಾಗ ಎಳೆದ.

"ಅವತ್ತೂ," ಎಂದ ನೇರಪ್ಪ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಊರಿನ ಇತಿಹಾಸದಲ್ಲಿ ಒಂದು ಗೊಂದಲ ಕಣ್ಣೆದುರಿಗೇ ಬಗೆಹರಿದ ಸಂತೋಷ ಅವರ ಮುಖದ ಮೇಲಿತ್ತು. ಬೆಂಚಿನವರು, ತಮಗೆ ಮೊದಲೇ ಅನುಮಾನವಿತ್ತೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಎದ್ದರು. ಪಾಪ, ಆ ಡ್ರೈವರು ಇಷ್ಟು ವರ್ಷ ಸುಮ್ಮನೆ ಮಾತು ಕೇಳಿಸಿಕೊಂಡ ಎಂದೂ ಒಬ್ಬರು ಅಂದರು.

ಭಾಮೈದ ಒಂದೇ ಕೈಯಲ್ಲಿ ಸರಳು ಹಿಡಿದು ಎಂಜಿನ್ನಿನಿಂದ ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅದನ್ನು ನೋಡಬಾರದೆಂದು ನೇರಪ್ಪ ಹಳಿಯ ಕಡೆ ತಿರುಗಿ ನಿಂತ. ಹಿಂದಿನಿಂದ ಬೂಟಿನ ಸದ್ದು ಬಂದು ಪಕ್ಕದಲ್ಲಿ ನಿಂತಿತು.

"ಸುಳ್ಳು ಹೇಳೋಕೆ ಯಾವಾಗ ಕಲಿತ್ರಿ ಭಾವ?"

"ಈಗ್ಲೇ. ಚೆನ್ನಾಗಿ ಬರಲಿಲ್ಲ."

"ಬರಲೇ ಇಲ್ಲ. ಒಳಗೆ ನಡುಗುತ್ತಂತೆ. ಅದಕ್ಕೇ ನಾನೊಂದಿಷ್ಟು ಸೇರಿಸಬೇಕಾಯ್ತು."

"ಜಾಸ್ತಿ ಸೇರಿಸಿದೆ. ಮೊದಲಿಂದಲೂ ಅನ್ನಬೇಕಾಗಿರಲಿಲ್ಲ."

"ಸುಳ್ಳನ್ನ ಅಳತೆ ಹಿಡಿದು ಹೇಳೋಕಾಗುತ್ತಾ," ಎಂದ ಭಾಮೈದ. ಇಬ್ಬರೂ ಹಳಿ ನೋಡಿದರು. ಕಲ್ಲುಗಳ ನಡುವೆ ಹುಲ್ಲು ಕಿತ್ತು ಸ್ವಚ್ಛ ಮಾಡಿದ್ದರು. ತುಕ್ಕು ಹಿಡಿದ ಹಳಿಗೂ ಯಾರೋ ಉತ್ಸಾಹಿ ಒಂದಿಷ್ಟು ದೂರ ಬೆಳ್ಳಿ ಬಣ್ಣ ಬಳಿದು, ಡಬ್ಬಿ ಮುಗಿದಲ್ಲಿಗೆ ಬಿಟ್ಟಿದ್ದರು.

"ಊಟಕ್ಕೆ ಬಾ," ಎಂದ ನೇರಪ್ಪ.

ಭಾಮೈದ ಬೂಟಿನ ತುದಿಯಿಂದ ಒಂದು ಕಲ್ಲನ್ನು ಹಳಿಗೆ ತಳ್ಳಿದ.

"ಅಕ್ಕ ಹೇಳಿ ಕಳಿಸಿದಳಾ?" ಎಂದ.

ಇಲ್ಲ ಎಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆ ಬೆಳಗಿನ ಮಟ್ಟಿಗೆ ನೇರಪ್ಪನ ಹತ್ತಿರ ಸುಳ್ಳುಗಳು ಮುಗಿದಿದ್ದವು.

"ಹೇಳಿದಳು. ನಾನೇ ಬಾಯಿಬಿಟ್ಟು ಕರೀಬೇಕು ಅಂತಲೂ ಹೇಳಿದಳು. ಅವಳು ಹೇಳದೇ ಇದ್ದಿದ್ರೂ ನಾನು ಕರೀಬೇಕಿತ್ತು. ಕರೀಲಿಲ್ಲ. ಬಾಗಿಲೂ ತೆಗೀಲಿಲ್ಲ. ಈಗ ಕರೀತಿದೀನಿ."

"ಡಾಕ್ಟ್ರು ಏನಂತಾರೆ?"

"ಏನೂ ಅನ್ನಲ್ಲ. ಅನ್ನದೇ ಇರೋದೇ ಅಂದ ಹಾಗೆ."

ಭಾಮೈದ ಒಪ್ಪದ ಗುಂಡಿಯನ್ನು ಒಂದೇ ಕೈಯಲ್ಲಿ ಎಳೆದು ನೋಡಿ, ಬಿಟ್ಟ. ಅವನ ಕಣ್ಣು ಎಲ್ಲಿತ್ತೆಂದು ನೇರಪ್ಪ ನೋಡಲಿಲ್ಲ.

"ಅಷ್ಟು ವರ್ಷ ಆದ್ಮೇಲೆ ಬರಿಗೈಲಿ ಹೇಗೆ ಬರಲಿ ಭಾವ."

"ಕೈ ಎತ್ತೋಕಾಗದವನು ಏನು ಹೊತ್ತು ತರ್ತೀಯ. ಬಾ."

ಇಬ್ಬರೂ ಪ್ಲಾಟ್‌ಫಾರಂನ ಇಳಿಜಾರು ಇಳಿದು, ಸೈಕಲ್ ನಿಲ್ಲಿಸುವ ಜಾಗ ದಾಟಿ, ಬೀದಿಗೆ ನಡೆದರು.

ಉದ್ಘಾಟನೆ ಪ್ರದರ್ಶನವಿಲ್ಲದೆ ನಡೆಯಿತು. ಪಾಯಿಂಟ್ಸ್‌ಮನ್‌ನ ಕೈನಡುಕದಿಂದ ಒಮ್ಮೆ ಚೆಂಡು ಮೋರಿಗೆ ಬಿದ್ದು ಎರಡು ಗಾಡಿಗಳು ತಡವಾದ ಸಂಗತಿಯನ್ನು ಮೇಷ್ಟ್ರು ಗೋಡೆಗೆ ತೂಗುಹಾಕಿದ ಬಳೆಯ ಕೆಳಗಿನ ಫಲಕದಲ್ಲಿ ಬರೆಸಿದರು. ಈಗಲೂ ಹಾಗೇ ಇದೆ. ಭಾಮೈದ ತಾಲೀಮಿನ ದಿನ ಮಧ್ಯಾಹ್ನ ಅಕ್ಕನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಊಟ ಮಾಡಿದ.